ಅನ್ನ ಬಿಟ್ಟ ಮನೆಯಲ್ಲಿ ನಾಲ್ಕು ವರ್ಷದ ಮಗು: ಒಂದು ಪ್ರಕರಣ

ಬೆಳಿಗ್ಗೆ ಎಂಟೂವರೆ ಆದರೂ ಮಗು ಎದ್ದಿರಲಿಲ್ಲ. ಹಿಂದಿನ ಸಂಜೆ ಮೈ ಸ್ವಲ್ಪ ಬಿಸಿ ಇತ್ತು. ಏಳೂವರೆಗೆ ನಾಲ್ಕು ತುತ್ತು ಪನೀರ್ ಪಲ್ಯ ತಿಂದು ಮಲಗಿದವಳು. ನೆಗಡಿ ಜ್ವರ ಇರಬೇಕು, ಮಲಗಲಿ ಎಂದು ತಾಯಿ ಬಿಟ್ಟಿದ್ದರು. ಎಬ್ಬಿಸಲು ಹೋದರೆ ಕುತ್ತಿಗೆ ನಿಲ್ಲುತ್ತಿಲ್ಲ, ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಾಳೆ, ಹಣೆಯಲ್ಲಿ ತಣ್ಣನೆಯ ಬೆವರು. ಒಮ್ಮೆ ವಾಂತಿಯೂ ಆಯಿತು. ಉಸಿರಿನಲ್ಲಿ ಉಗುರುಬಣ್ಣ ತೆಗೆಯುವ ದ್ರಾವಣದಂಥ ವಾಸನೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇತ್ತು. ಮಗುವಿನ ಬೆರಳು ಚುಚ್ಚಿ ನೋಡಿದರು: 41, ರಕ್ತದ ಸಕ್ಕರೆ ತೀರಾ ಇಳಿದಿದೆ.

ಈ ಮಗು ಯಾವುದೋ ಒಂದು ಮನೆಯ ಒಬ್ಬಳೇ ಮಗು ಅಲ್ಲ. ಇಂಥ ಮಕ್ಕಳಲ್ಲಿ ಕಾಣುವ ಲಕ್ಷಣ, ರಕ್ತಪರೀಕ್ಷೆಯ ಅಂಕಿ, ಮನೆಯವರ ತರ್ಕ, ಚಿಕಿತ್ಸೆಯ ಕ್ರಮ ಎಲ್ಲವನ್ನೂ ಒಂದೇ ಪ್ರಕರಣವಾಗಿ ಜೋಡಿಸಿ ಇಲ್ಲಿ ಬರೆದಿದೆ. ತುಮಕೂರು ಕಡೆಯ ಮನೆ ಎಂದಿಟ್ಟುಕೊಳ್ಳಿ. ವಯಸ್ಸು 4 ವರ್ಷ 2 ತಿಂಗಳು, ತೂಕ 13.4 ಕೆ.ಜಿ., ಎತ್ತರ 100 ಸೆಂ.ಮೀ. ತೀರಾ ಸೊರಗಿದ ಮಗುವಲ್ಲ, ಆದರೆ ತೆಳ್ಳಗಿನ ಮೈಕಟ್ಟು. ಈ ತೆಳ್ಳಗಿನ ಮೈಕಟ್ಟು ಮುಂದೆ ಮುಖ್ಯವಾಗುತ್ತದೆ.

ಮನೆಯ ಅಡುಗೆ ಬದಲಾದದ್ದು ನಾಲ್ಕು ತಿಂಗಳ ಹಿಂದೆ. ಅಪ್ಪನ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 9 ದಾಟಿತ್ತು. ಅವರು ಅನ್ನ, ಚಪಾತಿ, ಮುದ್ದೆ ಬಿಟ್ಟು ಮೊಟ್ಟೆ, ಪನೀರ್, ಕೋಳಿ, ಸೊಪ್ಪು, ಬಾದಾಮಿಗೆ ಬಂದರು. ಅಂಕಿ 7ಕ್ಕಿಂತ ಕೆಳಗೆ ಇಳಿಯಿತು, ತೂಕವೂ ಇಳಿಯಿತು. ಅವರ ಮಟ್ಟಿಗೆ ಇದು ನಿಜವಾದ ಲಾಭ, ಅದನ್ನು ಕಡಿಮೆ ಮಾಡಿ ಹೇಳುವ ಅಗತ್ಯವಿಲ್ಲ. ಒಂದೇ ಒಲೆಯಲ್ಲಿ ಎರಡು ಅಡುಗೆ ಯಾಕೆ ಎಂದು ಮಗುವಿಗೂ ಅದೇ ತಟ್ಟೆ ಬಂತು. ಅದರ ಹಿಂದೆ ಪ್ರೀತಿಯೂ ಇತ್ತು, ಭಯವೂ ಇತ್ತು. ತಾತನಿಗೆ ಶುಗರ್, ಅಪ್ಪನಿಗೆ ಶುಗರ್, ಇವಳಿಗಾದರೂ ಬರದಿರಲಿ ಎಂದು. ಹಾಲಿನಲ್ಲಿ ಸಕ್ಕರೆ ಅಂಶ ಇದೆ ಎಂದು ಹಾಲು ನಿಂತಿತು. ಬಾಳೆಹಣ್ಣು ನಿಂತಿತು. ಇಡ್ಲಿಯ ಬದಲು ಬಾದಾಮಿ ಹಿಟ್ಟಿನ ದೋಸೆ, ಅನ್ನದ ಬದಲು ತುರಿದ ಹೂಕೋಸು.

ಆಮೇಲೆ ತಾಯಿಯ ಜೊತೆ ಕೂತು ಒಂದು ದಿನದ ಊಟವನ್ನು ನೆನಪಿನಿಂದ ಬರೆಸಿಕೊಂಡಾಗ ಸಿಕ್ಕ ಪಟ್ಟಿ ಇದು: ಎರಡು ಮೊಟ್ಟೆ, 50 ಗ್ರಾಂ ಪನೀರ್, 50 ಗ್ರಾಂ ಕೋಳಿ, ಹತ್ತು ಬಾದಾಮಿ, ಒಂದು ಬಟ್ಟಲು ಮೊಸರು, ಎರಡು ಚಮಚ ತುಪ್ಪ, ಒಂದು ತುಂಡು ಕೊಬ್ಬರಿ, ಸೊಪ್ಪು, ಹೂಕೋಸು. ಲೆಕ್ಕ ಹಾಕಿದರೆ ಕಾರ್ಬೋಹೈಡ್ರೇಟ್ (ಅನ್ನ, ಹಣ್ಣು, ಹಾಲಿನಲ್ಲಿರುವಂಥ ಪಿಷ್ಟ, ಸಕ್ಕರೆ) ಹೆಚ್ಚೆಂದರೆ 30 ಗ್ರಾಂ, ಪ್ರೋಟೀನ್ 40 ಗ್ರಾಂ, ಒಟ್ಟು ಶಕ್ತಿ ಸುಮಾರು 760 ಕಿಲೋಕ್ಯಾಲೊರಿ.

ಈ ಮೂರು ಅಂಕಿಗಳ ಪಕ್ಕದಲ್ಲಿ ಬೇರೆ ಮೂರನ್ನು ಇಟ್ಟು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣದ ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 1360 ಕಿಲೋಕ್ಯಾಲೊರಿ, 16 ಗ್ರಾಂ ಪ್ರೋಟೀನ್ ಬೇಕು. ಒಂದು ವರ್ಷ ದಾಟಿದ ಎಲ್ಲರಿಗೂ ಕಾರ್ಬೋಹೈಡ್ರೇಟ್ 130 ಗ್ರಾಂ. ಆ 1360 ಎಂಬುದು 18 ಕೆ.ಜಿ. ತೂಗುವ ಮಗುವಿನ ಲೆಕ್ಕ. ಈ ಮಗುವಿನ ತೂಕಕ್ಕೆ ಇಳಿಸಿಕೊಂಡರೂ ಸುಮಾರು 1000 ಬೇಕೇ ಬೇಕು. ಅಂದರೆ ದಿನಕ್ಕೆ ಕಾಲು ಪಾಲು ಶಕ್ತಿ ಖೋತಾ. ಪ್ರೋಟೀನ್ ಮಾತ್ರ ಬೇಕಾದ್ದರ ಎರಡರಷ್ಟಕ್ಕಿಂತ ಹೆಚ್ಚು. ಆದರೂ ನಾಲ್ಕು ತಿಂಗಳಲ್ಲಿ ತೂಕ 14 ಕೆ.ಜಿ.ಯಿಂದ 13.4ಕ್ಕೆ ಇಳಿದಿದೆ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 2 ಕೆ.ಜಿ. ಏರಬೇಕು, ನಾಲ್ಕು ತಿಂಗಳಿಗೆ 600-700 ಗ್ರಾಂ. ಏರಬೇಕಾದಷ್ಟೇ ಇಳಿದಿದ್ದಾಳೆ.

ಅಷ್ಟು ಮೊಟ್ಟೆ, ಪನೀರ್ ತಿಂದರೂ ತೂಕ ಯಾಕೆ ಇಳಿಯಿತು ಎಂದು ತಂದೆತಾಯಿಗೆ ಅರ್ಥವಾಗಿರಲಿಲ್ಲ. ಕಾರಣ ಎರಡು. ಕೊಬ್ಬು, ಪ್ರೋಟೀನ್ ಹೊಟ್ಟೆಯನ್ನು ಬೇಗ ತುಂಬಿಸುತ್ತವೆ, ಹಸಿವನ್ನು ತುಂಬ ಹೊತ್ತು ತಡೆಯುತ್ತವೆ. ತೂಕ ಇಳಿಸಬೇಕಾದ ದೊಡ್ಡವರಿಗೆ ಇದೇ ಅನುಕೂಲ. ಪುಟ್ಟ ಹೊಟ್ಟೆಯ ಮಗುವಿಗೆ ಅದೇ ಅನಾನುಕೂಲ, ಅರ್ಧ ತಟ್ಟೆಗೇ ಸಾಕು ಅನ್ನುತ್ತದೆ. ಎರಡನೆಯದು, ಒಟ್ಟು ಶಕ್ತಿ ಸಾಲದಾದಾಗ ತಿಂದ ಪ್ರೋಟೀನ್ ಮೈ ಕಟ್ಟಲು ಹೋಗುವುದಿಲ್ಲ, ಉರುವಲಾಗಿ ಸುಟ್ಟುಹೋಗುತ್ತದೆ. ಮಣೆ ಮಾಡಬೇಕಾದ ಮರವನ್ನು ಒಲೆಗೆ ಹಾಕಿದ ಹಾಗೆ.

ಸೂಚನೆಗಳು ಮೊದಲೇ ಇದ್ದವು. ಮೂರು-ನಾಲ್ಕು ದಿನಕ್ಕೊಮ್ಮೆ ಗಟ್ಟಿ ಮಲ, ಜೊತೆಗೆ ಒಂದೆರಡು ಹನಿ ರಕ್ತ. ಶಿಶುವಿಹಾರದ ಮಿಸ್, 'ಹನ್ನೊಂದರ ಹೊತ್ತಿಗೆ ಡೆಸ್ಕ್ ಮೇಲೆ ತಲೆ ಇಟ್ಟುಬಿಡ್ತಾಳೆ' ಅಂದಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅಳು, ಸಿಡುಕು. ಆದರೆ ತಿಪಟೂರಿನ ಅಜ್ಜಿ ಮನೆಗೆ ಹೋದ ಶನಿವಾರ, ಭಾನುವಾರ ಮಾತ್ರ ಓಡಾಡಿಕೊಂಡು ಇರುತ್ತಿದ್ದಳು. ಅಲ್ಲಿ ಅಜ್ಜಿ ಅನ್ನ ಸಾರು ಕಲೆಸಿ ತಿನ್ನಿಸುತ್ತಿದ್ದರು. 'ಮಗ ಬೈತಾನೆ ಅಂತ ನಾನು ಹೇಳ್ಲಿಲ್ಲ ಕಣಮ್ಮಾ' ಎಂದು ಸೊಸೆಯ ಹತ್ತಿರ ಒಪ್ಪಿಕೊಂಡದ್ದು ಆಸ್ಪತ್ರೆಯಲ್ಲಿ. ರೋಗಚರಿತ್ರೆಯಲ್ಲಿ ಈ ಒಂದು ಮಾತಿಗೆ ಹತ್ತು ಪರೀಕ್ಷೆಯ ಬೆಲೆ ಇದೆ. ಊಟ ಬದಲಾದ ದಿನ ಲಕ್ಷಣ ಮಾಯವಾಗುತ್ತದೆ ಎಂದರೆ ಎಲ್ಲಿ ಹುಡುಕಬೇಕು ಎನ್ನುವುದು ತಿಳಿಯುತ್ತದೆ.

ಆ ರಾತ್ರಿ ಮೈಯೊಳಗೆ ಆದದ್ದು

ಊಟ ಅರಗಿದ ಮೇಲೆ ರಕ್ತದ ಗ್ಲೂಕೋಸನ್ನು ಕಾಯುವುದು ಲಿವರ್. ಅದರಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಸಣ್ಣ ಕಣಜ ಇರುತ್ತದೆ. ಈ ಮಗುವಿನ ಲಿವರ್ ಸುಮಾರು 400 ಗ್ರಾಂ. ಚೆನ್ನಾಗಿ ಉಂಡ ದಿನ ಅದರಲ್ಲಿ 20 ಗ್ರಾಂ ಆಸುಪಾಸಿನ ಗ್ಲೈಕೋಜೆನ್ ಸೇರಬಹುದು. ಇನ್ನು ಖರ್ಚು: ಪುಟ್ಟ ಮಕ್ಕಳ ಮೈ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ 5-6 ಮಿಲಿಗ್ರಾಂ ಗ್ಲೂಕೋಸ್ ಬಳಸುತ್ತದೆ. ದೊಡ್ಡವರಲ್ಲಿ ಇದು 2ರ ಹತ್ತಿರ. 13.4 ಕೆ.ಜಿ.ಯ ಮಗುವಿಗೆ ಗಂಟೆಗೆ 4 ಗ್ರಾಂ, ದಿನಕ್ಕೆ ನೂರು ಗ್ರಾಂ ಹತ್ತಿರ. ಕಣಜ ತುಂಬಿದ್ದರೂ ಅದೊಂದರಿಂದಲೇ ಸಾಗುವುದು ಐದು ಗಂಟೆ.

ಇಷ್ಟೊಂದು ಖರ್ಚಿಗೆ ಕಾರಣ ಮಿದುಳು. ಐದು ವರ್ಷದ ಹೊತ್ತಿಗೆ ಮಿದುಳು ಬಳಸುವ ಗ್ಲೂಕೋಸ್ ಅದರ ಜೀವಮಾನದ ತುತ್ತತುದಿ ಮುಟ್ಟುತ್ತದೆ. ಮೈ ಸುಮ್ಮನಿರುವಾಗ ಆಗುವ ಒಟ್ಟು ಶಕ್ತಿವೆಚ್ಚದ ಸುಮಾರು ಮೂರನೇ ಎರಡು ಪಾಲು ಅದೊಂದಕ್ಕೇ ಹೋಗುತ್ತದೆ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಮಿದುಳಿನ ಸ್ಕ್ಯಾನುಗಳಿಂದ ಹಾಕಿದ ಲೆಕ್ಕ ಇದು. ಮಗುವಿನ ಮೈ ಚಿಕ್ಕದು, ತಲೆ ದೊಡ್ಡದು ಎಂದು ಕಣ್ಣಿಗೆ ಕಾಣುವುದರ ಒಳಗಿನ ಅರ್ಥವೇ ಇದು.

ಕಣಜ ಬರಿದಾಗುತ್ತ ಬಂದಂತೆ ಲಿವರ್ ಮಾಂಸಖಂಡದಿಂದ ಬರುವ ಅಲನೈನ್ ಎಂಬ ಅಮೈನೊ ಆಮ್ಲದಿಂದ ಹೊಸ ಗ್ಲೂಕೋಸ್ ತಯಾರಿಸುತ್ತದೆ. ಜೊತೆಗೆ ಕೊಬ್ಬು ಕರಗಿ ಕೀಟೋನ್ ಆಗುತ್ತದೆ, ಮಿದುಳು ಅದನ್ನೂ ಬಳಸಿಕೊಳ್ಳುತ್ತದೆ. ದೊಡ್ಡವರಲ್ಲಿ ಮಾಂಸಖಂಡ ಬೇಕಾದಷ್ಟಿದೆ, ಒಂದು ದಿನ ಉಪವಾಸ ಮಾಡಿದರೂ ಸಕ್ಕರೆ ಬೀಳುವುದಿಲ್ಲ. ತೆಳ್ಳಗಿನ ನಾಲ್ಕು ವರ್ಷದ ಮಗುವಿನಲ್ಲಿ ಆ ಸರಬರಾಜೇ ಕಡಿಮೆ. ಈ ಮನೆಯಲ್ಲಿ ಕಣಜ ಮಲಗುವ ಮೊದಲೇ ಅರ್ಧ ಖಾಲಿ, ಯಾಕೆಂದರೆ ದಿನವಿಡೀ ಹೋದದ್ದು 30 ಗ್ರಾಂ. ಮೇಲೆ ಜ್ವರ, ಅಂದರೆ ಖರ್ಚು ಹೆಚ್ಚು. ಮೇಲೆ ಅರೆಹೊಟ್ಟೆ. ಏಳೂವರೆಯಿಂದ ಎಂಟೂವರೆ, 13 ಗಂಟೆ.

ಕಾಯಿಲೆಗೆ ಹೆಸರಿದೆ: ಕೀಟೋಟಿಕ್ ಹೈಪೊಗ್ಲೈಸೀಮಿಯಾ, ಕೀಟೋನ್ ಏರಿ ಸಕ್ಕರೆ ಇಳಿಯುವ ಸ್ಥಿತಿ. ಒಂದೂವರೆಯಿಂದ ಐದು ವರ್ಷದೊಳಗಿನ ತೆಳ್ಳಗಿನ ಮಕ್ಕಳಲ್ಲಿ ಹೆಚ್ಚು. ಮಾಮೂಲು ಅನ್ನ ಸಾರು ಉಣ್ಣುವ ಮಕ್ಕಳಿಗೂ ಜ್ವರ, ವಾಂತಿ, ರಾತ್ರಿ ಊಟ ತಪ್ಪಿದಾಗ ಬರಬಹುದು. ಆದ್ದರಿಂದ ಕಡಿಮೆ ಕಾರ್ಬೋಹೈಡ್ರೇಟ್ ಊಟವೇ ಈ ಕಾಯಿಲೆಯನ್ನು ಹುಟ್ಟಿಸಿತು ಎಂದರೆ ತಪ್ಪಾಗುತ್ತದೆ. ಒಳಗಿದ್ದ ದುರ್ಬಲತೆಯನ್ನು ಅದು ಹೊರಗೆ ಎಳೆಯಿತು. ಇದಕ್ಕೆ ಹಳೆಯ ಸಾಕ್ಷಿಯೊಂದಿದೆ. 1964ರಲ್ಲಿ ಕೋಲ್ ಮತ್ತು ಉಲ್‌ಸ್ಟ್ರಾಮ್ ಎಂಬ ವೈದ್ಯರು ಈ ಸ್ಥಿತಿಯನ್ನು ವಿವರಿಸಿದರು. ಆ ಕಾಲದಲ್ಲಿ ರೋಗ ಖಚಿತಪಡಿಸಿಕೊಳ್ಳಲು ಮಗುವನ್ನು ಆಸ್ಪತ್ರೆಯಲ್ಲಿಟ್ಟು, ಬೇಕೆಂದೇ ಕಡಿಮೆ ಶಕ್ತಿಯ, ಕೊಬ್ಬು ಹೆಚ್ಚಿರುವ, ಕಾರ್ಬೋಹೈಡ್ರೇಟ್ ಕಡಿಮೆಯಿರುವ ಊಟ ಕೊಟ್ಟು ಸಕ್ಕರೆ ಬೀಳುತ್ತದೆಯೇ ಎಂದು ಕಾದು ನೋಡುತ್ತಿದ್ದರು. ಈ ಮನೆಯ ನಾಲ್ಕು ತಿಂಗಳ ಊಟ ಆ ಪರೀಕ್ಷೆಯ ಊಟದ ಹತ್ತಿರದ ನೆಂಟ. ವ್ಯತ್ಯಾಸ ಒಂದೇ, ಪಕ್ಕದಲ್ಲಿ ನರ್ಸ್ ಇರಲಿಲ್ಲ.

ಮನೆಯಿಂದ ಆಸ್ಪತ್ರೆಗೆ

ಗ್ಲುಕೋಮೀಟರ್ 41 ತೋರಿಸಿದ ಕೂಡಲೇ ತಾಯಿ ಲೋಟದಲ್ಲಿ ಸಕ್ಕರೆ ನೀರು ಕಲೆಸಿ ಬಾಯಿಗೆ ಸುರಿಯಲು ನೋಡಿದರು, ಮಗು ಕೆಮ್ಮಿತು. ಅಪ್ಪ ತಡೆದದ್ದು ಒಳ್ಳೆಯದಾಯಿತು. ಪೂರ್ತಿ ಎಚ್ಚರವಿದ್ದು, ನುಂಗುವ ಮಗುವಿಗೆ ಎರಡು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕೊಡುವುದು ಸರಿಯಾದ ಕ್ರಮ. ಮಂಪರಿನಲ್ಲಿರುವ, ಕರೆದರೆ ಓಗೊಡದ ಮಗುವಿಗೆ ದ್ರವ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅಂಥ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿಕೊಂಡು 108ಕ್ಕೆ ಫೋನ್ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಬೇಕು. ಇವರು ಹಾಗೇ ಮಾಡಿದರು.

ಆಸ್ಪತ್ರೆಯಲ್ಲಿ ಮೊದಲ ಎರಡು ನಿಮಿಷ ಬಹಳ ಬೆಲೆಯುಳ್ಳದ್ದು. ಗ್ಲೂಕೋಸ್ ಕೊಡುವ ಮೊದಲು, ರಕ್ತನಾಳ ಸಿಕ್ಕ ಕ್ಷಣದಲ್ಲೇ, ರಕ್ತದ ಮಾದರಿ ತೆಗೆದಿಡಬೇಕು. ಗ್ಲೂಕೋಸ್ ಹೋದ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ. ಅದರಲ್ಲಿ ನೋಡುವುದು ಸಕ್ಕರೆ ಇಳಿಸುವ ಹಾರ್ಮೋನ್ ಇನ್ಸುಲಿನ್, ಸಕ್ಕರೆ ಏರಿಸುವ ಹಾರ್ಮೋನ್ ಕಾರ್ಟಿಸಾಲ್, ಬೆಳವಣಿಗೆ ಹಾರ್ಮೋನ್, ಕೀಟೋನ್, ಲ್ಯಾಕ್ಟೇಟ್, ಅಮೋನಿಯಾ, ಮೈ ಕೊಬ್ಬನ್ನು ಸರಿಯಾಗಿ ಸುಡುತ್ತಿದೆಯೇ ಎಂದು ತೋರಿಸುವ ಅಸೈಲ್‌ಕಾರ್ನಿಟೈನ್, ಆಮೇಲೆ ಬರುವ ಮೊದಲ ಮೂತ್ರ. ಲ್ಯಾಬಿನ ಗ್ಲೂಕೋಸ್ ಬೇಕೇ ಬೇಕು, ಏಕೆಂದರೆ ಮನೆಯ ಗ್ಲುಕೋಮೀಟರ್ ಇಂಥ ಕಡಿಮೆ ಮಟ್ಟದಲ್ಲಿ 15 ಅಂಕಿಯಷ್ಟು ಅತ್ತಿತ್ತ ತೋರಿಸಿದರೂ ಅದು ಒಪ್ಪಿತ ಮಿತಿಯೊಳಗೇ ಇರುತ್ತದೆ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಇಳಿದ ಸಕ್ಕರೆಯೂ ಸರಿ ಇದ್ದಂತೆ ಕಾಣುತ್ತದೆ, ಅದು ಇನ್ನೂ ಅಪಾಯ.

ಇವಳ ಫಲಿತಾಂಶ: ಗ್ಲೂಕೋಸ್ ಡೆಸಿಲೀಟರಿಗೆ 38 ಮಿಲಿಗ್ರಾಂ, ರಕ್ತದ ಕೀಟೋನ್ ಲೀಟರಿಗೆ 4.6 ಮಿಲಿಮೋಲ್, ಬೈಕಾರ್ಬೊನೇಟ್ 16 (ಕೀಟೋನಿನಿಂದ ರಕ್ತ ಸ್ವಲ್ಪ ಆಮ್ಲೀಯವಾದ ಗುರುತು), ಲ್ಯಾಕ್ಟೇಟ್ ಮತ್ತು ಅಮೋನಿಯಾ ಸಹಜ. ಕಾರ್ಟಿಸಾಲ್ ಚೆನ್ನಾಗಿ ಏರಿದೆ, ಇನ್ಸುಲಿನ್ ಅಳತೆಗೆ ಸಿಗದಷ್ಟು ಕಡಿಮೆ. ಲಿವರ್ ಊದಿಲ್ಲ.

ಇನ್ಸುಲಿನ್ ಪರೀಕ್ಷೆ ಈ ಮನೆಯ ಮಗುವಿಗೆ ಏಕೆ ಬಿಡಲಾಗದ್ದು ಎಂದರೆ ಅಪ್ಪನ ಮೇಜಿನ ಮೇಲೆ ಗ್ಲಿಮೆಪಿರೈಡ್ ಮಾತ್ರೆಯ ಪಟ್ಟಿ ಇತ್ತು. ಸಕ್ಕರೆ ಕಾಯಿಲೆಯ ಈ ಜಾತಿಯ ಒಂದೇ ಒಂದು ಮಾತ್ರೆ ಪುಟ್ಟ ಮಗುವಿನ ಸಕ್ಕರೆಯನ್ನು ಗಂಟೆಗಟ್ಟಲೆ ಬೀಳಿಸಬಲ್ಲದು. ಆಗ ಇನ್ಸುಲಿನ್ ಹೆಚ್ಚಿರುತ್ತದೆ, ಕೀಟೋನ್ ಇರುವುದಿಲ್ಲ. ಇಲ್ಲಿ ಎರಡೂ ತದ್ವಿರುದ್ಧ, ಹಾಗಾಗಿ ಆ ಅನುಮಾನ ಬಿಟ್ಟಿತು. ಆದರೂ ಅಪ್ಪನ ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿವೆ ಎಂದು ಮನೆಗೆ ಫೋನ್ ಮಾಡಿ ಎಣಿಸಿದ್ದು ಸರಿಯಾದ ಕೆಲಸ. ಕೊಬ್ಬನ್ನು ಸುಡಲಾಗದ ಹುಟ್ಟು ಕಾಯಿಲೆಗಳಲ್ಲೂ ಕೀಟೋನ್ ಏರುವುದಿಲ್ಲ, ಅಂಥ ಮಗುವಿಗೆ ಈ ಊಟ ಪ್ರಾಣಕ್ಕೇ ಸಂಚಕಾರ. ಕಾರ್ಟಿಸಾಲ್ ಕಡಿಮೆಯಿದ್ದರೆ ಗ್ರಂಥಿಯ ತೊಂದರೆ. ಲಿವರ್ ದೊಡ್ಡದಾಗಿದ್ದರೆ ಗ್ಲೈಕೋಜೆನ್ ಶೇಖರಣೆಯ ಕಾಯಿಲೆ. ವಾಂತಿ ಮತ್ತು ಉಸಿರಿನ ವಾಸನೆ ಕಂಡು ಹೊಸ ಸಕ್ಕರೆ ಕಾಯಿಲೆ ಎಂದು ಹೆದರುವವರೂ ಇದ್ದಾರೆ. ಅದರಲ್ಲಿ ಗ್ಲೂಕೋಸ್ 200ರ ಮೇಲಿರುತ್ತದೆ, 38 ಅಲ್ಲ. ಎಲ್ಲವನ್ನೂ ತಳ್ಳಿಹಾಕಿದ ಮೇಲೆಯೇ ಕೀಟೋಟಿಕ್ ಹೈಪೊಗ್ಲೈಸೀಮಿಯಾ ಎಂದು ಬರೆಯಬೇಕು, ಮೊದಲೇ ಅಲ್ಲ.

ಚಿಕಿತ್ಸೆ ಸರಳ. 10 ಶೇಕಡಾ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ, ಕೆ.ಜಿ.ಗೆ 2 ಮಿ.ಲೀ.ನಂತೆ 27 ಮಿ.ಲೀ., ನಿಧಾನವಾಗಿ ರಕ್ತನಾಳಕ್ಕೆ. ಆಮೇಲೆ ಅದೇ ಪ್ರಮಾಣದ ಡೆಕ್ಸ್‌ಟ್ರೋಸ್ ಇರುವ ಸಲೈನ್ ಗಂಟೆಗೆ 48 ಮಿ.ಲೀ. ಇದು ಕೆ.ಜಿ.ಗೆ ನಿಮಿಷಕ್ಕೆ 6 ಮಿಲಿಗ್ರಾಂ ಗ್ಲೂಕೋಸ್ ಕೊಡುತ್ತದೆ, ಆ ತೂಕದ ಮಗುವಿನ ದಿನದ ನೀರಿನ ಅಗತ್ಯವನ್ನೂ ಹೆಚ್ಚುಕಡಿಮೆ ಪೂರೈಸುತ್ತದೆ. ಹದಿನೈದು ನಿಮಿಷಕ್ಕೆ ಸಕ್ಕರೆ 96, ಅರ್ಧ ಗಂಟೆಯೊಳಗೆ 'ಅಮ್ಮ, ನೀರು' ಎಂದಳು. ವಾಂತಿ, ಹೊಟ್ಟೆನೋವು ಮಾತ್ರ ಮಧ್ಯಾಹ್ನದವರೆಗೆ ಇತ್ತು. ಸಕ್ಕರೆ ಏರಿದಷ್ಟು ಬೇಗ ಕೀಟೋನ್ ಇಳಿಯುವುದಿಲ್ಲ. 'ಸಕ್ಕರೆ ಸರಿಯಾಯಿತಲ್ಲ' ಎಂದು ಡ್ರಿಪ್ ಬೇಗ ಕಿತ್ತರೆ ಮಗು ಊಟ ತಿನ್ನದೆ ಮತ್ತೆ ಜಾರುತ್ತದೆ. ಗ್ಲುಕಗಾನ್ ಚುಚ್ಚುಮದ್ದು ಇಲ್ಲಿ ಕೆಲಸಕ್ಕೆ ಬಾರದು. ಅದು ಕಣಜದ ಬೀಗ ತೆಗೆಯುವ ಮದ್ದು, ಕಣಜವೇ ಬರಿದಾಗಿದೆ.

ಅಪ್ಪನ ಎರಡು ಪ್ರಶ್ನೆ

'ನನಗೆ ಇದರಿಂದಲೇ ಶುಗರ್ ಇಳಿದಿದ್ದು ಡಾಕ್ಟ್ರೇ. ಮಗೂಗೆ ಹೇಗೆ ಕೆಟ್ಟದಾಗುತ್ತೆ?' ಎಂದು ಅವರು ಕೇಳಿದ್ದು ವಾದಕ್ಕಲ್ಲ, ನಿಜವಾದ ಗೊಂದಲದಿಂದ. ಅವರ ಮೈಯಲ್ಲಿ ಗ್ಲೂಕೋಸ್ ಹೆಚ್ಚಾಗಿದೆ, ಬಳಕೆ ಕೆಟ್ಟಿದೆ. ಮಗುವಿನ ಮೈಯಲ್ಲಿ ಬಳಕೆ ಚೆನ್ನಾಗಿದೆ, ಶೇಖರಣೆ ಚಿಕ್ಕದು. ತಾಯಿಯ ಹಾಲನ್ನೇ ನೋಡಿ. ಅದರ ಶಕ್ತಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಬರುವುದು ಲ್ಯಾಕ್ಟೋಸ್ ಎಂಬ ಸಕ್ಕರೆಯಿಂದ. ಮಕ್ಕಳಿಗೆ ಒಂದು ವರ್ಷದ ಮೇಲೆ ಒಟ್ಟು ಶಕ್ತಿಯ 45ರಿಂದ 65 ಶೇಕಡಾ ಕಾರ್ಬೋಹೈಡ್ರೇಟಿನಿಂದ ಬರಲಿ ಎಂಬುದು ಅಮೆರಿಕದ ವೈದ್ಯಕೀಯ ಸಂಸ್ಥೆಗಳ ಹಳೆಯ, ಈಗಲೂ ಬಳಕೆಯಲ್ಲಿರುವ ಮಿತಿ. ಇವಳಿಗೆ ಬರುತ್ತಿದ್ದದ್ದು 16 ಶೇಕಡಾ. ಸಕ್ಕರೆ ಕಾಯಿಲೆ ಇರುವ ಅಥವಾ ಬರುವ ಸಾಧ್ಯತೆಯಿರುವ ಮಕ್ಕಳಿಗೂ ಕೂಡ, ಹತ್ತಿರದ ವೈದ್ಯಕೀಯ ನಿಗಾ ಇಲ್ಲದೆ ಕಡಿಮೆ ಕಾರ್ಬೋಹೈಡ್ರೇಟ್ ಊಟ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಹೇಳಿದೆ. ಅದೇ ವರದಿ ಸಿಹಿ ಪಾನೀಯ, ಮೈದಾ, ಬೇಕರಿ ತಿನಿಸು ಕಡಿಮೆ ಮಾಡುವುದನ್ನು ಬೆಂಬಲಿಸುತ್ತದೆ. ಗೊಂದಲದ ಬೇರು ಇಲ್ಲೇ ಇದೆ. ಸಕ್ಕರೆ ಬಿಡುವುದೂ ಅನ್ನ ಬಿಡುವುದೂ ಒಂದೇ ಅಲ್ಲ. ಬಿಸ್ಕತ್ತು, ಪ್ಯಾಕೆಟ್ ಜ್ಯೂಸ್, ಚಾಕೊಲೇಟ್ ಪುಡಿ ಹಾಕಿದ ಹಾಲು ಬಿಟ್ಟರೆ ಮಗುವಿಗೆ ಲಾಭ. ಮುದ್ದೆ, ಬೇಳೆ, ಬಾಳೆಹಣ್ಣು ಬಿಟ್ಟರೆ ನಷ್ಟ.

ಎರಡನೆಯ ಪ್ರಶ್ನೆ: 'ಫಿಟ್ಸ್ ಇರೋ ಮಕ್ಕಳಿಗೆ ಕೀಟೋ ಊಟ ಡಾಕ್ಟ್ರೇ ಕೊಡ್ತಾರಂತಲ್ಲ?' ಕೊಡುತ್ತಾರೆ. ಕೊಬ್ಬು ತುಂಬ ಹೆಚ್ಚು, ಕಾರ್ಬೋಹೈಡ್ರೇಟ್ ತುಂಬ ಕಡಿಮೆ ಇರುವ ಊಟ ಅದು. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆ ಇದನ್ನು ಸೂಚಿಸಿದಾಗಿನಿಂದ ಅದು ಚಿಕಿತ್ಸೆಯಾಗಿ ಉಳಿದುಬಂದಿದೆ. ಔಷಧಿಗೆ ಬಗ್ಗದ ಫಿಟ್ಸ್‌ಗೆ, ಗ್ಲೂಕೋಸ್ ಮಿದುಳಿಗೆ ದಾಟದ ಗ್ಲುಟ್-1 ಕೊರತೆಗೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಊಟ ಔಷಧಿಯ ಹಾಗೆ ನಡೆಯುತ್ತದೆ. ಕೊಬ್ಬಿನ ಹುಟ್ಟು ಕಾಯಿಲೆ ಇಲ್ಲವೆಂದು ಮೊದಲು ಪರೀಕ್ಷೆ, ಒಟ್ಟು ಕ್ಯಾಲೊರಿ ಮಗುವಿನ ತೂಕಕ್ಕೆ ಲೆಕ್ಕ, ಪ್ರತಿ ಪದಾರ್ಥ ಗ್ರಾಂ ತಕ್ಕಡಿಯಲ್ಲಿ, ಕ್ಯಾಲ್ಸಿಯಂ, ವಿಟಮಿನ್ ಡಿ, ಇತರ ವಿಟಮಿನ್ ಕಡ್ಡಾಯ, ಕೆಲವು ತಿಂಗಳಿಗೊಮ್ಮೆ ರಕ್ತ, ಮೂತ್ರ, ತೂಕ, ಎತ್ತರ. ಇಷ್ಟೆಲ್ಲ ಇದ್ದೂ ಮಲಬದ್ಧತೆ, ಕೊಲೆಸ್ಟರಾಲ್ ಏರಿಕೆ, ಮೂತ್ರಪಿಂಡದ ಕಲ್ಲು, ಎತ್ತರ ಕುಂಠಿತವಾಗುವುದು ಕಾಣುತ್ತವೆ. ದಿನಕ್ಕೆ ಹತ್ತು ಫಿಟ್ಸ್ ಬರುವ ಮಗುವಿಗೆ ಆ ಬೆಲೆ ತೆರಬಹುದು. ಆರೋಗ್ಯವಾಗಿರುವ ಮಗುವಿಗೆ ತೆರುವುದು ಯಾತಕ್ಕೆ?

ತಟ್ಟೆ ಬದಲಾದದ್ದು

ಅಪ್ಪನ ಊಟ ಬದಲಿಸುವ ಅಗತ್ಯ ಬೀಳಲಿಲ್ಲ. ಅಡುಗೆ ಒಂದೇ, ತಟ್ಟೆ ಬೇರೆ ಎಂಬ ಒಪ್ಪಂದ ಆಯಿತು. ಸೊಪ್ಪಿನ ಸಾರು, ಹುಳಿ, ಪಲ್ಯ, ಮೊಟ್ಟೆ ಇಬ್ಬರಿಗೂ. ಮಗುವಿನ ತಟ್ಟೆಗೆ ಮಾತ್ರ ಅನ್ನ ಅಥವಾ ಮುದ್ದೆ.

ಹೊಸ ದಿನಚರಿ ಹೀಗೆ: ಎದ್ದ ಅರ್ಧ ಗಂಟೆಯೊಳಗೆ 150 ಮಿ.ಲೀ. ಹಾಲು. ಎಂಟೂವರೆಗೆ ಎರಡು ಚಿಕ್ಕ ಇಡ್ಲಿ, ಸಾಂಬಾರ್, ತುಪ್ಪ. ಶಾಲೆಯ ಡಬ್ಬಿಗೆ ಒಂದು ಏಲಕ್ಕಿ ಬಾಳೆ, ಹುರಿಗಡಲೆ. ಮಧ್ಯಾಹ್ನ 100 ಗ್ರಾಂ ಅನ್ನ, ಅರ್ಧ ಬಟ್ಟಲು ಬೇಳೆ ಹುಳಿ, ಪಲ್ಯ, ಮೊಸರು. ನಾಲ್ಕು ಗಂಟೆಗೆ 15 ಗ್ರಾಂ ರಾಗಿ ಹುರಿಹಿಟ್ಟು, 100 ಮಿ.ಲೀ. ಹಾಲು, ಒಂದು ಚಮಚ ಬೆಲ್ಲ. ರಾತ್ರಿ ಏಳೂವರೆಗೆ 30 ಗ್ರಾಂ ರಾಗಿ ಹಿಟ್ಟಿನ ನಿಂಬೆ ಗಾತ್ರದ ಎರಡು ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ. ಮಲಗುವಾಗ ಮತ್ತೆ 150 ಮಿ.ಲೀ. ಹಾಲು. ಕೂಡಿದರೆ ಕಾರ್ಬೋಹೈಡ್ರೇಟ್ 130 ಗ್ರಾಂ ಆಸುಪಾಸು. ರಾಗಿಯನ್ನು ಎರಡು ಹೊತ್ತು ಇಟ್ಟದ್ದು ಪಿಷ್ಟಕ್ಕಷ್ಟೇ ಅಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ, ನಾಲ್ಕು ತಿಂಗಳು ಹಾಲೂ ಇಲ್ಲದ ಮೂಳೆಗೆ ಅದು ಬೇಕಿತ್ತು. ನಾರಿನ ಅಂಶವೂ ಬಂತು. 2ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 15 ಗ್ರಾಂ ನಾರು, 250 ಗ್ರಾಂ ತರಕಾರಿ-ಹಣ್ಣು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಗಡಿಯಾರದ ನಿಯಮ ತಟ್ಟೆಯಷ್ಟೇ ಮುಖ್ಯ. ಹಗಲು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ, ರಾತ್ರಿ ಹತ್ತು ಗಂಟೆ ಮೀರಬಾರದು. ಒಂಬತ್ತಕ್ಕೆ ಹಾಲು ಕುಡಿದಿದ್ದರೆ ಏಳರೊಳಗೆ ಎಬ್ಬಿಸಬೇಕು, ಭಾನುವಾರವೂ. ಖಾಲಿ ಹೊಟ್ಟೆಯ ರಾತ್ರಿ ಮಕ್ಕಳಿಗೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಕಟುವಾದ ಉದಾಹರಣೆ ಇದೆ: ಬಿಹಾರದ ಮುಜಫ್ಫರ್‌ಪುರ. ಅಲ್ಲಿ ಲಿಚಿ ಕಾಲದಲ್ಲಿ ಸಂಜೆ ಊಟವಿಲ್ಲದೆ ಹಣ್ಣು ತಿಂದು ಮಲಗಿದ ಮಕ್ಕಳು ಬೆಳಗಿನ ಜಾವ ಸಕ್ಕರೆ ಬಿದ್ದು ಫಿಟ್ಸ್ ಬಂದು ಸಾಯುತ್ತಿದ್ದರು. ಅಲ್ಲಿ ಹಣ್ಣಿನೊಳಗಿನ ವಿಷ ಲಿವರಿನ ಗ್ಲೂಕೋಸ್ ತಯಾರಿಕೆಯನ್ನು ತಡೆಯುತ್ತದೆ, ಹಾಗಾಗಿ ಕಾಯಿಲೆ ಬೇರೆ. ಆದರೆ ಮಕ್ಕಳಿಗೆ ರಾತ್ರಿ ಊಟ ತಪ್ಪಿಸಬೇಡಿ ಎಂಬ ಸಲಹೆ ಅಲ್ಲಿ ಜೀವ ಉಳಿಸುವ ಸಲಹೆಯಾಯಿತು.

ಮನೆಗೆ ಕಳಿಸುವಾಗ ವೈದ್ಯರು ಇನ್ನೊಂದನ್ನೂ ಬರೆದರು: ಮೊದಲ ಕೆಲವು ತಿಂಗಳು ಮಲಗುವ ಹಾಲಿಗೆ ಬೇಯಿಸದ ಮೆಕ್ಕೆಜೋಳದ ಪಿಷ್ಟ, ಕೆ.ಜಿ.ಗೆ 1 ಗ್ರಾಂ. ಅಂದರೆ ಒಂದೂವರೆ ದೊಡ್ಡ ಚಮಚ, ಮಟ್ಟಸವಾಗಿ. ಹಸಿ ಪಿಷ್ಟ ನಿಧಾನವಾಗಿ ಅರಗಿ ಗಂಟೆಗಟ್ಟಲೆ ಗ್ಲೂಕೋಸ್ ಬಿಡುತ್ತದೆ. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಎಂದು ಸಿಗುವ, ಬೆರಳಲ್ಲಿ ಒತ್ತಿದರೆ ಕಿರ್ ಎನ್ನುವ ಬಿಳಿ ಪುಡಿ ಇದು, ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ತಾಯಿ ಮೊದಲ ವಾರ ಬಿಸಿ ಹಾಲಿಗೆ ಹಾಕಿ ಗಂಜಿಯ ಹಾಗೆ ಗಟ್ಟಿಯಾಯಿತು ಎಂದು ಸಕ್ಕರೆ ಸೇರಿಸಿ ಕುಡಿಸಿದ್ದರು. ಬೆಂದ ಪಿಷ್ಟ ಬೇಗ ಅರಗುತ್ತದೆ, ಸಕ್ಕರೆ ಇನ್ಸುಲಿನ್ ಏರಿಸುತ್ತದೆ, ಉದ್ದೇಶವೇ ಹಾಳು. ತಣ್ಣನೆಯ ಹಾಲಿನಲ್ಲಿ ಕದಡಿ, ತಳಕ್ಕೆ ಕೂರುವ ಮೊದಲೇ ಕುಡಿಸಬೇಕು. ಇದನ್ನು ಪರೀಕ್ಷೆಗಳು ಮುಗಿದ ಮೇಲೆ ವೈದ್ಯರು ಹೇಳಿದಷ್ಟೇ ಕೊಡಬೇಕು, ಮಗು ತೆಳ್ಳಗಿದೆ ಎಂದು ಮನೆಯಲ್ಲೇ ಶುರು ಮಾಡುವ ವಸ್ತುವಲ್ಲ.

ಜ್ವರ ಬಂದ ದಿನಕ್ಕೆ ಬೇರೆ ಚೀಟಿ. ಎರಡು-ಮೂರು ಗಂಟೆಗೊಮ್ಮೆ ಗಂಜಿ, ಬಾಳೆಹಣ್ಣು, ಏನೂ ಸೇರದಿದ್ದರೆ 100 ಮಿ.ಲೀ. ನೀರಿಗೆ ಎರಡು ಚಮಚ ಸಕ್ಕರೆ, ಗುಟುಕು ಗುಟುಕಾಗಿ, ರಾತ್ರಿ ಒಮ್ಮೆ ಎಬ್ಬಿಸಿ. ಒಆರ್‌ಎಸ್ ಕೊಡುತ್ತಿದ್ದೇವಲ್ಲ ಎಂದು ನೆಮ್ಮದಿಯಾಗಿರಬಾರದು. ಒಂದು ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುವ ಅದು ನೀರು-ಉಪ್ಪಿನ ಕೊರತೆಗೆ ಮದ್ದು, ಉರುವಲಿಗಲ್ಲ. ಮೂತ್ರದ ಕೀಟೋನ್ ಪಟ್ಟಿ ಮನೆಯಲ್ಲಿರಲಿ. ಸಕ್ಕರೆ ಬೀಳುವ ಮೊದಲೇ ಕೀಟೋನ್ ಏರುತ್ತದೆ, ಹಾಗಾಗಿ ಪಟ್ಟಿ ಗಾಢವಾದರೆ ಗ್ಲುಕೋಮೀಟರಿಗೆ ಕಾಯದೆ ಸಕ್ಕರೆ ನೀರು ಕೊಡಬೇಕು. ಎರಡು ಸಲ ಕೊಟ್ಟದ್ದೂ ವಾಂತಿಯಾದರೆ ನೇರ ಆಸ್ಪತ್ರೆಗೆ, ಡ್ರಿಪ್ ಬೇಕು.

ಆಮೇಲಿನ ಆರು ತಿಂಗಳು

ಮಲ ಎರಡು ವಾರದಲ್ಲಿ ಮೆತ್ತಗಾಯಿತು. ಆರು ವಾರಕ್ಕೆ ತೂಕ 14.1, ನಾಲ್ಕು ತಿಂಗಳಿಗೆ 14.9. ಹನ್ನೊಂದು ಗಂಟೆಗೆ ತಲೆ ಇಡುವುದು ನಿಂತಿತು ಎಂದು ಮಿಸ್ ತಾವಾಗಿಯೇ ಹೇಳಿದರು. ಒಂದೇ ಒಂದು ಸಲ ಎಡವಿತು. ಮದುವೆ ಮುಗಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಬರುವಾಗ ಮಗು ಊಟ ಮಾಡದೆ ನಿದ್ದೆ ಹೋಗಿತ್ತು. ಬೆಳಗಿನ ಆರಕ್ಕೆ ಮನೆಗೆ ಬಂದು ಪಟ್ಟಿ ಅದ್ದಿದರೆ ಕಡುನೇರಳೆ, ಗ್ಲುಕೋಮೀಟರಿನಲ್ಲಿ 62. ಎಚ್ಚರವಿದ್ದಳು, ಸಿಡುಕುತ್ತಿದ್ದಳು. ಸಕ್ಕರೆ ನೀರು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 88, ಆಮೇಲೆ ಇಡ್ಲಿ. ಆಸ್ಪತ್ರೆ ಬೇಕಾಗಲಿಲ್ಲ. ಅಂದಿನಿಂದ ಪ್ರಯಾಣದ ಚೀಲದಲ್ಲಿ ಹುರಿಹಿಟ್ಟಿನ ಡಬ್ಬಿ ಇರುತ್ತದೆ.

ಸಾಮಾನ್ಯವಾಗಿ 7-8 ವರ್ಷದ ಹೊತ್ತಿಗೆ ಮಾಂಸಖಂಡ, ಲಿವರ್ ಬೆಳೆದಂತೆ ಈ ತೊಂದರೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಪದೇ ಪದೇ ಬಂದರೆ ಗ್ಲೈಕೋಜೆನ್ ಕಾಯಿಲೆಗಳ ಜೀನ್ ಪರೀಕ್ಷೆ ಯೋಚಿಸಬೇಕು. ಈಗ ಹಲ್ಲಿನ ಹುಳುಕಿಗೆ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬೇಕಿದೆ. ಅರಿವಳಿಕೆ ವೈದ್ಯರಿಗೆ ಚೀಟಿ ಹೋಗಿದೆ: ಆ ದಿನದ ಚಿಕಿತ್ಸೆಯ ಸರದಿಯಲ್ಲಿ ಮೊದಲ ಹೆಸರು ಇವಳದಾಗಿರಲಿ, ಘನ ಆಹಾರ ಆರು ಗಂಟೆ ಮೊದಲು ನಿಲ್ಲಲಿ, ಆದರೆ ತಿಳಿ ಸಕ್ಕರೆ ನೀರು ಎರಡು ಗಂಟೆ ಮೊದಲಿನವರೆಗೆ ಕೊಡಲಿ, ತಡವಾದರೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ ಗಂಟೆಗೊಮ್ಮೆ ಸಕ್ಕರೆ ನೋಡಲಿ. ಅದರ ಒಂದು ಪ್ರತಿ ಮಗುವಿನ ಶಾಲೆಯ ಡೈರಿಯ ಮೊದಲ ಪುಟಕ್ಕೂ ಅಂಟಿಸಿದೆ, ಕೆಳಗೆ ತಾಯಿಯ ಅಕ್ಷರದಲ್ಲಿ ಒಂದು ಸಾಲು: 'ತಿಂಡಿ ಡಬ್ಬಿ ಹಾಗೇ ಉಳಿದರೆ ದಯವಿಟ್ಟು ಫೋನ್ ಮಾಡಿ.'